ನೆಟ್‌ವರ್ಕ್ ಕಾರ್ಡಿನ ವಿಳಾಸ ಬದಲಿಸಿದರೆ ಕಾರ್ಡು ಕೆಡುವುದಿಲ್ಲ, ಸುತ್ತಲಿನ ಯಂತ್ರಗಳು ತಬ್ಬಿಬ್ಬಾಗುತ್ತವೆ

ಪ್ರಶ್ನೆ: ಸರ್, ನಮ್ಮ ಕಚೇರಿಯ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಸರ್ವರ್ ಒಂದರ ಮದರ್‌ಬೋರ್ಡ್ ಹೋಯಿತು, ಹೊಸದು ಹಾಕಿಸಿದೆವು. ಡಿಸ್ಕು ಹಳೆಯದೇ. ಇಂಟರ್‌ಫೇಸ್ ಹೆಸರು ತಿದ್ದಿದ ಮೇಲೆ ಉಳಿದದ್ದೆಲ್ಲ ಸರಿಯಾಗಿ ಎದ್ದಿತು. ಆದರೆ ಅದರಲ್ಲಿರುವ ಡಿಸೈನ್ ತಂತ್ರಾಂಶದ ಲೈಸೆನ್ಸ್ ಹಳೆಯ ಬೋರ್ಡಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗೆ, ಕಟ್ಟಿದ್ದು. ಹೊಸ ಕೀ ಕೊಡಲು ಮಾರಿದವರು ಕೆಲವು ದಿನ ಕೇಳುತ್ತಿದ್ದಾರೆ. ಅಲ್ಲಿಯವರೆಗೆ ಹಳೆಯ ವಿಳಾಸವನ್ನೇ ಹೊಸ ಕಾರ್ಡಿಗೆ ಕೊಡೋಣ ಎಂದುಕೊಂಡೆ. ಮೊದಲು ಪ್ರಯೋಗಕ್ಕೆಂದು 11:22:33:44:55:66 ಕೊಟ್ಟೆ. 'ಕ್ಯಾನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್' ಎಂದು ತಿರಸ್ಕರಿಸಿತು. 00:11:22:33:44:55 ಕೊಟ್ಟಾಗ ಒಪ್ಪಿಕೊಂಡಿತು. ಆದರೆ ನಾನು ಮನೆಯಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಇದನ್ನು ಮಾಡುತ್ತಿದ್ದೆ, ಸಂಪರ್ಕ ಕಡಿದುಹೋಯಿತು. ಕಚೇರಿಗೆ ಓಡಿ ನೋಡಿದರೆ ವಿಳಾಸ ಬದಲಾಗಿತ್ತು, ಪಕ್ಕದ ಯಂತ್ರಕ್ಕೆ ಪಿಂಗ್ ಹೋಗುತ್ತಿತ್ತು, ಹೊರಗೆ ಮಾತ್ರ ಏನೂ ಹೋಗುತ್ತಿರಲಿಲ್ಲ. ರೀಬೂಟ್ ಮಾಡಿದೆ, ಕಾರ್ಡಿನ ಮೂಲ ವಿಳಾಸವೇ ವಾಪಸ್ ಬಂತು. ಒಬ್ಬ ಸಹೋದ್ಯೋಗಿ 'ಅದು ಚಿಪ್ಪಿನಲ್ಲೇ ಕೆತ್ತಿದ್ದು, ಬದಲಾಗುವುದೇ ಇಲ್ಲ' ಎನ್ನುತ್ತಾರೆ. ಇನ್ನೊಬ್ಬರು 'ಇಇಪ್ರಾಮ್‌ಗೇ ಬರೆದುಬಿಡು, ರಗಳೆ ಮುಗೀತು' ಎನ್ನುತ್ತಾರೆ. ಮೂರನೆಯವರ ಪ್ರಕಾರ ಇದು ಅಪರಾಧ. ಯಾವುದನ್ನು ನಂಬಲಿ? ಹಾಗೆಯೇ, ಲ್ಯಾಪ್‌ಟಾಪಿನ ವೈಫೈ ವಿಳಾಸ ಬದಲಿಸಿಕೊಂಡರೆ ನನ್ನನ್ನು ಯಾರೂ ಗುರುತಿಸಲಾರರು ಎಂಬುದು ನಿಜವೇ?

ಉತ್ತರ: ನಿಮ್ಮ ಮೂವರು ಸಹೋದ್ಯೋಗಿಗಳಲ್ಲಿ ಯಾರ ಮಾತೂ ಪೂರ್ತಿ ಸರಿಯಲ್ಲ. ಎರಡನೆಯವರ ಸಲಹೆಯಂತೂ ಅಪಾಯದ್ದು, ಅದಕ್ಕೆ ಕೈ ಹಾಕಬೇಡಿ. ನಿಮ್ಮ ಎರಡು ಪ್ರಯತ್ನಗಳು ಕೈಕೊಟ್ಟದ್ದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಎರಡೂ ಸರಳ, ಎರಡಕ್ಕೂ ಕಾರ್ಡು ಹೊಣೆಯಲ್ಲ.

ಮೊದಲು ಈ ವಿಳಾಸ ಇರುವುದಾದರೂ ಎಲ್ಲಿ ಎಂಬುದನ್ನು ನೋಡೋಣ. ತಯಾರಕರು 48 ಬಿಟ್‌ಗಳ ಒಂದು ಸಂಖ್ಯೆಯನ್ನು ಕಾರ್ಡಿನ ಮೇಲಿರುವ ಸಣ್ಣ ಇಇಪ್ರಾಮ್ ಅಥವಾ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದಿರುತ್ತಾರೆ. ಸಾಮಾನ್ಯವಾಗಿ ಮೊದಲ 24 ಬಿಟ್‌ಗಳು ಐಇಇಇ ಸಂಸ್ಥೆ ಆ ಕಂಪನಿಗೆ ಕೊಟ್ಟದ್ದು, ಉಳಿದದ್ದು ಕಂಪನಿ ತಾನೇ ಹಂಚಿಕೊಂಡದ್ದು. ಯಂತ್ರ ಎದ್ದಾಗ ಡ್ರೈವರ್ ಆ ಸಂಖ್ಯೆಯನ್ನು ಓದಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಒಪ್ಪಿಸುತ್ತದೆ. ಚಿಪ್ಪಿನ ಪಾತ್ರ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಆಮೇಲೆ ಹೊರಗೆ ಹೋಗುವ ಪ್ರತಿ ಫ್ರೇಮಿನ (ಮಾಹಿತಿಯ ಕಂತಿನ) ಮೇಲೆ 'ಕಳಿಸಿದವರು ಇಂಥವರು' ಎಂದು ಬರೆಯುವುದು ಆಪರೇಟಿಂಗ್ ಸಿಸ್ಟಂ, ಅದೂ ತನ್ನ ಮೆಮೊರಿಯಲ್ಲಿರುವ ಪ್ರತಿಯನ್ನು ನೋಡಿಕೊಂಡು. ಒಳಗೆ ಬರುವ ಫ್ರೇಮುಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಎಂದು ಕಾರ್ಡಿನ ಸೋಸುವ ರಿಜಿಸ್ಟರ್‌ಗೆ ತುಂಬುವುದೂ ಡ್ರೈವರೇ. ನೀವು ವಿಳಾಸ ಬದಲಿಸಿದಾಗ ಬದಲಾಗುವುದು ಈ ಪ್ರತಿ ಮತ್ತು ಈ ರಿಜಿಸ್ಟರ್. ಚಿಪ್ಪಿನಲ್ಲಿರುವುದು ಹಾಗೆಯೇ ಇರುತ್ತದೆ. ಜನನ ಪ್ರಮಾಣಪತ್ರದ ಹೆಸರು ಒಂದು, ಊರೆಲ್ಲ ಕರೆಯುವ ಹೆಸರು ಇನ್ನೊಂದು ಇದ್ದ ಹಾಗೆ. ರೀಬೂಟ್ ಆದಾಗ ಮೂಲ ವಿಳಾಸ ಮರಳಿದ್ದು ಇದಕ್ಕೇ.

ಎರಡನ್ನೂ ಕಣ್ಣಾರೆ ನೋಡಬಹುದು. 'ಐಪಿ ಲಿಂಕ್ ಶೋ' ಈಗ ಬಳಕೆಯಲ್ಲಿರುವ ವಿಳಾಸವನ್ನು ತೋರಿಸುತ್ತದೆ. 'ಎತ್‌ಟೂಲ್' ಆಜ್ಞೆಗೆ ದೊಡ್ಡಕ್ಷರದ 'ಪಿ' ಆಯ್ಕೆ ಕೊಟ್ಟು ಮುಂದೆ ಇಂಟರ್‌ಫೇಸ್ ಹೆಸರು ಬರೆದರೆ ಚಿಪ್ಪಿನಲ್ಲಿರುವ ಶಾಶ್ವತ ವಿಳಾಸ ಬರುತ್ತದೆ. ಯಾವ ಪ್ರಯೋಗಕ್ಕೂ ಮೊದಲು ಈ ಎರಡನೆಯದನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ವಿಳಾಸ ಬದಲಿಸುವುದೇ ಏನೋ ಕಳ್ಳದಾರಿ ಎಂಬ ಭಾವನೆ ಎಲ್ಲಿಂದ ಬಂತೋ ತಿಳಿಯದು. 48 ಬಿಟ್‌ನ ಈ ವಿಳಾಸ ಈಥರ್‌ನೆಟ್‌ಗೆ ಬಂದದ್ದು 1980ರಲ್ಲಿ ಡಿಜಿಟಲ್, ಇಂಟೆಲ್, ಝೆರಾಕ್ಸ್ ಮೂರೂ ಸೇರಿ ಹೊರತಂದ ನಿರೂಪಣೆಯಲ್ಲಿ. ಆ ಡಿಜಿಟಲ್ ಕಂಪನಿಯದೇ ಡೆಕ್‌ನೆಟ್ ನಾಲ್ಕನೆಯ ಹಂತ ಪ್ರತಿ ಯಂತ್ರದ ಮ್ಯಾಕ್ ವಿಳಾಸವನ್ನು ಎದ್ದ ಕೂಡಲೇ ಬದಲಿಸಿ, ಎಎ-00-04-00 ಎಂದು ಶುರುವಾಗುವ ತನ್ನದೇ ವಿಳಾಸ ಹಾಕಿಕೊಳ್ಳುತ್ತಿತ್ತು. ಸನ್ ಕಂಪನಿಯ ಸ್ಪಾರ್ಕ್ ಯಂತ್ರಗಳಲ್ಲಿ ವಿಳಾಸ ಕಾರ್ಡಿನದಲ್ಲ, ಯಂತ್ರದ್ದು. ಅದು ಬ್ಯಾಟರಿ ಇದ್ದ ಒಂದು ಎನ್‌ವಿರಾಮ್ ಚಿಪ್ಪಿನಲ್ಲಿರುತ್ತಿತ್ತು, ಡೀಫಾಲ್ಟ್ ಆಗಿ ಆ ಯಂತ್ರದ ಎಲ್ಲ ಪೋರ್ಟುಗಳಿಗೂ ಅದೊಂದೇ ವಿಳಾಸ. ಬ್ಯಾಟರಿ ತೀರಿಹೋದ ಹಳೆಯ ಸ್ಪಾರ್ಕ್ ಯಂತ್ರ ತನ್ನ ವಿಳಾಸವನ್ನು ಉದ್ದಕ್ಕೂ ಬರೀ 'ಎಫ್' ಎಂದು ಹೇಳಿಕೊಳ್ಳುವುದನ್ನು ನೋಡಿದವರು ಇಂದಿಗೂ ಸಿಗುತ್ತಾರೆ. ಈಗಲೂ ಲಿನಕ್ಸಿನಲ್ಲಿ ಎರಡು ಕಾರ್ಡು ಸೇರಿಸಿ ಬಾಂಡಿಂಗ್ ಮಾಡಿದರೆ ಸಾಮಾನ್ಯವಾಗಿ ಒಂದರ ವಿಳಾಸವನ್ನು ಇನ್ನೊಂದಕ್ಕೂ ತೊಡಿಸಲಾಗುತ್ತದೆ. ಎರಡು ರೂಟರ್‌ಗಳು ಒಂದಕ್ಕೊಂದು ಆಸರೆಯಾಗಿ ನಿಲ್ಲುವ ವಿಆರ್‌ಆರ್‌ಪಿ ವ್ಯವಸ್ಥೆಯೂ 00:00:5ಇ:00:01 ಎಂದು ಶುರುವಾಗುವ ಹಂಚಿಕೆಯ ವಿಳಾಸವನ್ನೇ ನೆಚ್ಚಿಕೊಂಡಿದೆ. ಬದಲಾಯಿಸುವ ಅವಕಾಶವನ್ನು ಮಾನದಂಡ ಮಾಡಿದವರೇ ಇಟ್ಟಿದ್ದಾರೆ.

ಈಗ ನಿಮ್ಮ ಮೊದಲ ಪ್ರಯತ್ನ. 11:22:33:44:55:66 ನೋಡಲು ಚೆಂದ, ಎಲ್ಲರಿಗೂ ಮೊದಲು ಹೊಳೆಯುವುದೂ ಅದೇ. ಆದರೆ ಅದು ಒಂದು ಯಂತ್ರದ ವಿಳಾಸವಾಗಲು ಸಾಧ್ಯವಿಲ್ಲ. ಮೊದಲ ಬೈಟಿನ ಕೊನೆಯ ಬಿಟ್ 1 ಆಗಿದ್ದರೆ ಅದು ಗುಂಪಿನ ವಿಳಾಸ, ಅಂದರೆ ಮಲ್ಟಿಕಾಸ್ಟ್. ಹೆಕ್ಸಿನ (ಹದಿನಾರರ ಎಣಿಕೆಯ) 11 ಅನ್ನು ಬಿಟ್‌ಗಳಾಗಿ ಬಿಡಿಸಿ ಬರೆಯಿರಿ: 0001 0001. ಕೊನೆಯದು 1. ಗುಂಪಿಗೆ ಕಳಿಸಬಹುದು, ಆದರೆ ಗುಂಪೇ ಕಳಿಸಿತು ಎನ್ನಲಾಗದು. ಅದಕ್ಕೇ ಕರ್ನಲ್ ಒಪ್ಪಲಿಲ್ಲ. ಅದರ ಪಕ್ಕದ ಬಿಟ್, ಅಂದರೆ ಕೊನೆಯಿಂದ ಎರಡನೆಯದು, 1 ಆಗಿದ್ದರೆ 'ಈ ವಿಳಾಸ ತಯಾರಕರು ಕೊಟ್ಟದ್ದಲ್ಲ, ಇಲ್ಲಿಯ ಆಡಳಿತಗಾರ ಇಟ್ಟದ್ದು' ಎಂದು ಅರ್ಥ. ಆದ್ದರಿಂದ ನೀವೇ ಒಂದು ವಿಳಾಸ ಹುಟ್ಟಿಸುವುದಾದರೆ ಮೊದಲ ಬೈಟಿನ ಎರಡನೆಯ ಅಂಕಿ 2, 6, ಎ ಅಥವಾ ಇ ಆಗಿರಲಿ. 02:11:22:33:44:55 ಸರಿಯಾದ ವಿಳಾಸ. ಡಾಕರ್ ಕಂಟೇನರ್‌ಗಳ 02:42 ಆರಂಭವನ್ನೋ ಕ್ಯೂಎಮು ವರ್ಚುವಲ್ ಯಂತ್ರಗಳ 52:54:00 ಆರಂಭವನ್ನೋ ನೋಡಿದ್ದರೆ, ಅವೂ ಇದೇ ನಿಯಮದವು. ನೀವು ಎರಡನೆಯ ಸಲ ಕೊಟ್ಟ 00:11:22 ಆರಂಭದ ವಿಳಾಸವನ್ನು ಕರ್ನಲ್ ಒಪ್ಪುತ್ತದೆ ನಿಜ, ಆದರೆ ಆ ಆರಂಭ ತಯಾರಕರಿಗೆಂದು ಮೀಸಲಾದ ಭಾಗದ್ದು. ಪ್ರಯೋಗಕ್ಕೆ 02 ಆರಂಭದ್ದೇ ಸಭ್ಯ. ಹಳೆಯ ಬೋರ್ಡಿನ ವಿಳಾಸವನ್ನು ಮರಳಿ ಹಾಕುವಾಗ ಈ ಲೆಕ್ಕ ಬೇಕಿಲ್ಲ, ಅದು ಹೇಗಿದೆಯೋ ಹಾಗೆಯೇ ಹಾಕಬೇಕು.

ಬೇರೆ ತಿರಸ್ಕಾರಗಳೂ ಎದುರಾಗಬಹುದು. 'ಡಿವೈಸ್ ಆರ್ ರಿಸೋರ್ಸ್ ಬ್ಯುಸಿ' ಎಂದರೆ ಇಂಟರ್‌ಫೇಸ್ ಚಾಲೂ ಇದ್ದಾಗ ವಿಳಾಸ ಬದಲಿಸಲು ಆ ಡ್ರೈವರ್ ಬಿಡುವುದಿಲ್ಲ ಎಂದರ್ಥ, ಮೊದಲು ಡೌನ್ ಮಾಡಬೇಕು. 'ಆಪರೇಶನ್ ನಾಟ್ ಪರ್ಮಿಟೆಡ್' ಎಂದರೆ ಬಹುಪಾಲು ನೀವು ರೂಟ್ ಬಳಕೆದಾರರಲ್ಲ.

ಎರಡನೆಯ ಪ್ರಯತ್ನದ ಬಗ್ಗೆ ನೀವು ಕೊಟ್ಟ ಒಂದು ವಿವರ ನನಗೆ ತುಂಬ ಸಹಾಯವಾಯಿತು. ಪಕ್ಕದ ಯಂತ್ರಕ್ಕೆ ಪಿಂಗ್ ಹೋಗುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ ಎಂದಿರಿ. ಅಂದರೆ ಹೊಸ ವಿಳಾಸವನ್ನು ಸ್ವಿಚ್ಚು ಒಪ್ಪಿಕೊಂಡಿತ್ತು. ಗೊತ್ತಿಲ್ಲದ ಮ್ಯಾಕ್ ವಿಳಾಸವನ್ನು ತಡೆಯುವ ಪೋರ್ಟ್ ಸೆಕ್ಯುರಿಟಿ ಹಾಕಿದ ಸ್ವಿಚ್ಚಾಗಿದ್ದರೆ ಪಕ್ಕದವರಿಗೂ ತಲುಪುತ್ತಿರಲಿಲ್ಲ. ಕಾಣೆಯಾದದ್ದು ಡೀಫಾಲ್ಟ್ ರೂಟ್, ಅಂದರೆ ಗೇಟ್‌ವೇ ರೂಟರ್ ಮೂಲಕ ಹೊರಗೆ ಹೋಗುವ ದಾರಿ. ಲಿನಕ್ಸಿನಲ್ಲಿ ಇಂಟರ್‌ಫೇಸನ್ನು ಡೌನ್ ಮಾಡಿದ ಕೂಡಲೇ ಅದರ ಮೂಲಕ ಹೋಗುವ ರೂಟುಗಳನ್ನೆಲ್ಲ ಕರ್ನಲ್ ಅಳಿಸಿಹಾಕುತ್ತದೆ. ಮತ್ತೆ ಅಪ್ ಮಾಡಿದಾಗ ತನ್ನದೇ ಸಬ್‌ನೆಟ್ಟಿನ ರೂಟು ತಾನಾಗಿ ಬರುತ್ತದೆ, ಗೇಟ್‌ವೇ ಕಡೆಯ ಡೀಫಾಲ್ಟ್ ರೂಟು ಬರುವುದಿಲ್ಲ. ಐಪಿವಿ4 ವಿಳಾಸ ಉಳಿಯುತ್ತದೆ. ಐಪಿವಿ6 ವಿಳಾಸಗಳೋ ಡೌನ್ ಮಾಡಿದಾಗ ಸಾಮಾನ್ಯವಾಗಿ ಹೋಗಿಯೇಬಿಡುತ್ತವೆ. ನೀವು ಇದ್ದದ್ದು ಮನೆಯಲ್ಲಿ, ಗೇಟ್‌ವೇ ಆಚೆ. ಸರ್ವರ್ ಎದ್ದು ನಿಂತಿತ್ತು, ನಿಮಗೆ ಉತ್ತರ ಕಳಿಸುವ ದಾರಿ ಮಾತ್ರ ಅದಕ್ಕೆ ಗೊತ್ತಿರಲಿಲ್ಲ.

ಹಾಗಾದರೆ ಕ್ರಮ ಇದು. ಆಜ್ಞೆಗಳನ್ನು ಉಚ್ಚಾರದಂತೆ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು. ಮೊದಲು 'ಐಪಿ ರೂಟ್ ಶೋ' ಕೊಟ್ಟು ಡೀಫಾಲ್ಟ್ ರೂಟಿನ ಸಾಲನ್ನು ನಕಲು ಮಾಡಿಟ್ಟುಕೊಳ್ಳಿ. ನಂತರ ಸ್ಕ್ರಿಪ್ಟಿನಲ್ಲಿ ನಾಲ್ಕು ಸಾಲು: 'ಐಪಿ ಲಿಂಕ್ ಸೆಟ್ ಡೆವ್' ಮುಂದೆ ಇಂಟರ್‌ಫೇಸ್ ಹೆಸರು, ಮುಂದೆ 'ಡೌನ್', ಅದೇ ಆಜ್ಞೆಯ ಕೊನೆಗೆ 'ಡೌನ್' ಬದಲು 'ಅಡ್ರೆಸ್' ಎಂದು ಬರೆದು ವಿಳಾಸ, ಮತ್ತೆ ಅದೇ ಆಜ್ಞೆ, ಕೊನೆಗೆ 'ಅಪ್', ನಾಲ್ಕನೆಯದು 'ಐಪಿ ರೂಟ್ ಆ್ಯಡ್ ಡೀಫಾಲ್ಟ್ ವಯಾ', ಮುಂದೆ ಗೇಟ್‌ವೇ ಐಪಿ. ಹಳೆಯ 'ಇಫ್‌ಕಾನ್ಫಿಗ್' ಆಜ್ಞೆಯ 'ಎಚ್‌ಡಬ್ಲ್ಯೂ ಈಥರ್' ಆಯ್ಕೆಯೂ ಇದೇ ಕೆಲಸ ಮಾಡುತ್ತದೆ, ಆದರೆ ಈಗಿನ ಡೆಬಿಯನ್‌ನಲ್ಲಿ ಅದನ್ನು ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಬೇಕಾಗುತ್ತದೆ.

ದೂರದಿಂದಲೇ ಮಾಡಲೇಬೇಕು ಎಂದಾದರೆ ಸ್ಕ್ರಿಪ್ಟ್ ಓಡಿಸುವ ಮೊದಲು 'ಶಟ್‌ಡೌನ್' ಆಜ್ಞೆಗೆ ಸಣ್ಣಕ್ಷರದ 'ಆರ್' ಆಯ್ಕೆ ಮತ್ತು '+10' ಕೊಡಿ. ಹತ್ತು ನಿಮಿಷಕ್ಕೆ ರೀಬೂಟ್ ನಿಗದಿಯಾಗುತ್ತದೆ. ವಿಳಾಸ ಬದಲಾದ ಮೇಲೂ ಒಳಗೆ ಹೋಗಲು ಸಾಧ್ಯವಾದರೆ, ಅದೇ ಆಜ್ಞೆಗೆ 'ಸಿ' ಆಯ್ಕೆ ಕೊಟ್ಟು ರದ್ದು ಮಾಡಿ. ಸಾಧ್ಯವಾಗದಿದ್ದರೆ ಸುಮ್ಮನೆ ಕಾಯಿರಿ, ಯಂತ್ರ ತಾನಾಗಿ ಎದ್ದು ಮೂಲ ವಿಳಾಸಕ್ಕೆ ಮರಳುತ್ತದೆ. ಬದಲಾವಣೆ ತಾತ್ಕಾಲಿಕ ಎಂದು ನೀವು ಬೇಸರಪಟ್ಟಿರಿ. ದೂರದಲ್ಲಿ ಕೂತವರನ್ನು ಕಾಪಾಡುವುದು ಅದೇ ಗುಣ. ಹಾಗಾಗಿ ಇದು ಸರಿಹೋಯಿತು ಎಂದು ಖಾತ್ರಿಯಾಗುವವರೆಗೆ ಕಾನ್ಫಿಗ್ ಫೈಲಿಗೆ ಏನನ್ನೂ ಬರೆಯಬೇಡಿ.

ವಿಳಾಸ ಬದಲಿಸುವುದು ಒಂದು ಕ್ಷಣದ ಕೆಲಸ. ತಲೆನೋವು ಬರುವುದು ಹಳೆಯ ವಿಳಾಸವನ್ನು ಸುತ್ತಲೂ ಯಾರು ಯಾರು ನೆನಪಿಟ್ಟುಕೊಂಡಿದ್ದಾರೆ ಎಂಬುದರಿಂದ. ಸ್ವಿಚ್ಚು ಹೊಸ ವಿಳಾಸವನ್ನು ಮೊದಲ ಫ್ರೇಮಿನಲ್ಲೇ ಕಲಿತುಕೊಳ್ಳುತ್ತದೆ, ಹಳೆಯದನ್ನು ಸಾಮಾನ್ಯವಾಗಿ 300 ಸೆಕೆಂಡು ಸದ್ದಿಲ್ಲದಿದ್ದರೆ ಮರೆಯುತ್ತದೆ. ಗೇಟ್‌ವೇ ರೂಟರ್ ತನ್ನ ಎಆರ್‌ಪಿ ಪಟ್ಟಿಯಲ್ಲಿ 'ಈ ಐಪಿ ಈ ಮ್ಯಾಕ್‌ನದು' ಎಂದು ಬರೆದಿಟ್ಟುಕೊಂಡಿರುತ್ತದೆ. ಸಿಸ್ಕೊ ರೂಟರ್‌ಗಳಲ್ಲಿ ಆ ನೆನಪಿನ ಡೀಫಾಲ್ಟ್ ಆಯುಷ್ಯ 4 ಗಂಟೆ. ಬಹಳ ಸಲ ನಿಮ್ಮ ಸರ್ವರೇ ಗೇಟ್‌ವೇಯನ್ನು ಹುಡುಕಿಕೊಂಡು ಎಆರ್‌ಪಿ ಪ್ರಶ್ನೆ ಕಳಿಸುತ್ತದೆ, ಅದರಲ್ಲಿರುವ ಹೊಸ ವಿಳಾಸ ನೋಡಿ ರೂಟರ್ ತಿದ್ದಿಕೊಳ್ಳುತ್ತದೆ. ತಿದ್ದಿಕೊಳ್ಳದಿದ್ದರೆ 'ಎಆರ್‌ಪಿಂಗ್' ಆಜ್ಞೆಯಿಂದ ನೀವೇ ಒಂದು ಘೋಷಣೆ ಹೊರಡಿಸಬಹುದು. ಯಂತ್ರಗಳಿಗೆ ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ ಮ್ಯಾಕ್ ನೋಡಿ ಐಪಿ ಕಾದಿರಿಸಿದ್ದರೆ ಅದೂ ಒಂದು ನೆನಪೇ. ಇಲ್ಲೊಂದು ಸೋಜಿಗವಿದೆ: ಕೆಲವು ಡಿಎಚ್‌ಸಿಪಿ ಕ್ಲೈಂಟ್‌ಗಳು ಮ್ಯಾಕ್ ಬದಲು ಯಂತ್ರದ ಐಡಿಯಿಂದ ಹುಟ್ಟಿಸಿದ ಗುರುತನ್ನು ಕಳಿಸುತ್ತವೆ. ಆಗ ಮ್ಯಾಕ್ ಬದಲಾದರೂ ಹಳೆಯ ಐಪಿಯೇ ಸಿಗುತ್ತದೆ. 'ಬದಲಿಸಿದೆ, ಏನೂ ಆಗಲಿಲ್ಲ' ಎನ್ನುವವರಲ್ಲಿ ಹಲವರ ಕಥೆ ಇದು.

ವೇಕ್-ಆನ್-ಲ್ಯಾನ್ (ಆರಿದ ಯಂತ್ರವನ್ನು ನೆಟ್‌ವರ್ಕಿನಿಂದ ಎಬ್ಬಿಸುವುದು) ಮತ್ತು ನೆಟ್‌ವರ್ಕ್ ಬೂಟ್ ಬಳಸುತ್ತಿದ್ದರೆ ಇನ್ನೊಂದು ಮಾತು. ಆಪರೇಟಿಂಗ್ ಸಿಸ್ಟಂ ಏಳುವ ಮೊದಲು ಕಾರ್ಡಿಗೆ ಗೊತ್ತಿರುವುದು ಸಾಮಾನ್ಯವಾಗಿ ಚಿಪ್ಪಿನ ವಿಳಾಸ ಮಾತ್ರ. ಆ ಎರಡಕ್ಕೆ ಹೊಸ ಬೋರ್ಡಿನ ಮೂಲ ವಿಳಾಸವನ್ನೇ ದಾಖಲಿಸಿ.

ಎಲ್ಲಕ್ಕಿಂತ ಕೆಟ್ಟದ್ದು ಒಂದೇ ನೆಟ್‌ವರ್ಕಿನಲ್ಲಿ ಒಂದೇ ವಿಳಾಸದ ಎರಡು ಯಂತ್ರ. ವರ್ಚುವಲ್ ಯಂತ್ರವನ್ನು ಕ್ಲೋನ್ ಮಾಡಿ ವಿಳಾಸ ಬದಲಿಸಲು ಮರೆತವರ ಬಳಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಲಕ್ಷಣ ವಿಚಿತ್ರವಾಗಿರುತ್ತದೆ. ಪೂರ್ತಿ ಕೆಡುವುದಿಲ್ಲ. ಹತ್ತು ಪಿಂಗ್‌ಗೆ ಉತ್ತರ ಬರುತ್ತದೆ, ಮುಂದಿನ ಹತ್ತಕ್ಕೆ ಇಲ್ಲ, ಮತ್ತೆ ಬರುತ್ತದೆ. ಫೈಲ್ ಕಾಪಿ ಅರ್ಧಕ್ಕೆ ನಿಂತು ಮತ್ತೆ ಓಡುತ್ತದೆ. ಸ್ವಿಚ್ಚಿನ ಲಾಗ್ ತೆಗೆದರೆ ಒಂದೇ ಮ್ಯಾಕ್ ಒಮ್ಮೆ 7ನೇ ಪೋರ್ಟಿನಲ್ಲಿ, ಮರುಕ್ಷಣ 12ನೇ ಪೋರ್ಟಿನಲ್ಲಿ, ಮತ್ತೆ 7ರಲ್ಲಿ. ಯಾವ ಯಂತ್ರ ಕೊನೆಗೆ ಮಾತಾಡಿತೋ ಅದರ ಕಡೆಗೆ ಸ್ವಿಚ್ಚು ಎಲ್ಲವನ್ನೂ ತಿರುಗಿಸುತ್ತಿರುತ್ತದೆ. ಕೇಬಲ್ಲು ಬದಲಿಸಿ, ಸ್ವಿಚ್ಚು ಬದಲಿಸಿ, ಕೊನೆಗೆ ಕಾರ್ಡನ್ನೂ ಬದಲಿಸಿ ಸುಸ್ತಾದ ಮೇಲೆ ಯಾರಾದರೊಬ್ಬರು ಆ ಲಾಗ್ ನೋಡುತ್ತಾರೆ. ನಿಮ್ಮ ಹಳೆಯ ಬೋರ್ಡು ಈಗ ಸತ್ತಿದೆ, ಸದ್ಯಕ್ಕೆ ಭಯವಿಲ್ಲ. ಆದರೆ ಅದು ರಿಪೇರಿಯಾಗಿ ಬಂದು, ಬೇರಾವುದೋ ಯಂತ್ರಕ್ಕೆ ಸೇರಿ, ಅದೇ ಸ್ವಿಚ್ಚಿಗೆ ಸಿಕ್ಕಿಸಲ್ಪಟ್ಟರೆ ಇದೇ ಆಟ ಶುರು. ಬೋರ್ಡಿನ ಮೇಲೆ ಈಗಲೇ ಒಂದು ಚೀಟಿ ಅಂಟಿಸಿ. ನಡುವೆ ರೂಟರ್ ಇರುವ ಬೇರೆ ಬೇರೆ ನೆಟ್‌ವರ್ಕುಗಳಲ್ಲಿ ಒಂದೇ ಮ್ಯಾಕ್ ಇದ್ದರೆ ಯಾವ ತೊಂದರೆಯೂ ಇಲ್ಲ.

ಪ್ರಯೋಗ ಯಶಸ್ವಿಯಾದ ಮೇಲೆ ಪ್ರತಿ ಬೂಟಿಗೂ ಉಳಿಯುವಂತೆ ಮಾಡಲು ದಾರಿ ಒಂದಲ್ಲ ಹಲವು. ನೆಟ್‌ವರ್ಕನ್ನು ಯಾರು ನಡೆಸುತ್ತಿದ್ದಾರೋ ಅವರಿಗೇ ಹೇಳುವುದು ಸರಿಯಾದ ದಾರಿ. ಡೆಬಿಯನ್ ಸರ್ವರ್‌ನಲ್ಲಿ 'ಇಟಿಸಿ' ಒಳಗಿನ 'ನೆಟ್‌ವರ್ಕ್' ಡೈರೆಕ್ಟರಿಯ 'ಇಂಟರ್‌ಫೇಸಸ್' ಫೈಲೇ ಯಜಮಾನನಾಗಿದ್ದರೆ, ನಿಮ್ಮ ಇಂಟರ್‌ಫೇಸಿನ ಭಾಗದಲ್ಲಿ 'ಎಚ್‌ಡಬ್ಲ್ಯೂಅಡ್ರೆಸ್ ಈಥರ್' ಎಂದು ಬರೆದು ವಿಳಾಸ ಕೊಡಿ. ಡೀಫಾಲ್ಟ್ ಗೇಟ್‌ವೇ ಅದೇ ಭಾಗದಲ್ಲಿ ಇರುವುದರಿಂದ ರೂಟಿನ ಗೋಳೂ ಇರುವುದಿಲ್ಲ. ನಿಮ್ಮ ಯಂತ್ರಕ್ಕೆ ನಾನು ಹೇಳುವುದು ಇದನ್ನೇ.

ನೆಟ್‌ವರ್ಕ್‌ಮ್ಯಾನೇಜರ್ ನಡೆಸುತ್ತಿದ್ದರೆ ಅದರ ಸಂಪರ್ಕದ ಸೆಟ್ಟಿಂಗಿನಲ್ಲಿ 'ಕ್ಲೋನ್ಡ್ ಮ್ಯಾಕ್ ಅಡ್ರೆಸ್' ಎಂಬ ಜಾಗವಿದೆ, ಅಲ್ಲಿ ತುಂಬಿ. ಅದರ ಬೆನ್ನ ಹಿಂದೆ ಕೈಯಿಂದ ಬದಲಿಸಿದರೆ ಮುಂದಿನ ಸಲ ಸಂಪರ್ಕಿಸುವಾಗ ಅದು ತನಗೆ ಬೇಕಾದ್ದನ್ನು ಹಾಕಿಕೊಳ್ಳಬಹುದು.

ಯಂತ್ರದ ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಂಡಿಯ 'ಲಿಂಕ್' ಫೈಲು ಮೂರನೆಯ ದಾರಿ. 'ಮ್ಯಾಚ್' ಭಾಗದಲ್ಲಿ ಶಾಶ್ವತ ವಿಳಾಸ, 'ಲಿಂಕ್' ಭಾಗದಲ್ಲಿ ಬೇಕಾದ ವಿಳಾಸ. ಚೊಕ್ಕಟ ವಿಧಾನ, ಆದರೆ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಒಂದು ಇಂಟರ್‌ಫೇಸಿಗೆ ಹೊಂದುವ ಮೊದಲ ಲಿಂಕ್ ಫೈಲು ಮಾತ್ರ ಜಾರಿಗೆ ಬರುತ್ತದೆ. ನಿಮ್ಮ ಫೈಲು ಮೊದಲು ಹೊಂದಿಕೊಂಡಿತು ಎಂದರೆ 99ರಿಂದ ಶುರುವಾಗುವ ಡೀಫಾಲ್ಟ್ ಫೈಲನ್ನು ಯಾರೂ ಓದುವುದಿಲ್ಲ. ಇಂಟರ್‌ಫೇಸಿಗೆ ಹೆಸರಿಡುವ ನಿಯಮ ಇರುವುದು ಆ ಡೀಫಾಲ್ಟ್ ಫೈಲಿನಲ್ಲಿ. ಪರಿಣಾಮ, ಮುಂದಿನ ಬೂಟಿನಲ್ಲಿ ವಿಳಾಸ ಸರಿಯಾಗಿ ಬದಲಾಗಿರುತ್ತದೆ, ಇಂಟರ್‌ಫೇಸಿನ ಹೆಸರು ಮಾತ್ರ 'ಎತ್0' ಆಗಿಬಿಟ್ಟಿರುತ್ತದೆ, ಹಳೆಯ ಹೆಸರಿಗೆ ಬರೆದ ಐಪಿ ಸೆಟ್ಟಿಂಗ್ ಯಾವುದೂ ಹತ್ತುವುದಿಲ್ಲ. ಡೀಫಾಲ್ಟ್ ಫೈಲಿನ 'ನೇಮ್‌ಪಾಲಿಸಿ' ಸಾಲನ್ನು ನಿಮ್ಮ ಫೈಲಿಗೂ ನಕಲು ಮಾಡಿ, ಬೂಟ್ ಆರಂಭದಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಅನ್ನು ಹೊಸದಾಗಿ ಕಟ್ಟಿ, ಆಮೇಲೆ ರೀಬೂಟ್ ಮಾಡಿ.

ಬಿಎಸ್‌ಡಿ ಬಳಸುವ ಓದುಗರಿಗೆ ಚುಟುಕಾಗಿ: ಫ್ರೀಬಿಎಸ್‌ಡಿಯಲ್ಲಿ 'ಇಫ್‌ಕಾನ್ಫಿಗ್' ಆಜ್ಞೆಗೆ 'ಈಥರ್', ಓಪನ್‌ಬಿಎಸ್‌ಡಿಯಲ್ಲಿ 'ಎಲ್‌ಎಲ್‌ಅಡ್ರ್'. ಓಪನ್‌ಬಿಎಸ್‌ಡಿಯಲ್ಲಿ ವಿಳಾಸದ ಬದಲು 'ರ‍್ಯಾಂಡಮ್' ಎಂದರೂ ಸಾಕು, ಅದೇ ಒಂದನ್ನು ಆರಿಸಿಕೊಳ್ಳುತ್ತದೆ.

ಲೈಸೆನ್ಸಿಗಾಗಿಯೇ ಇಷ್ಟೆಲ್ಲ ಎಂದಾದರೆ, ನಿಜವಾದ ಕಾರ್ಡನ್ನು ಮುಟ್ಟದೆಯೂ ಕೆಲಸ ಆಗುವ ಸಾಧ್ಯತೆಯಿದೆ. ಕೆಲವು ಲೈಸೆನ್ಸ್ ತಂತ್ರಾಂಶಗಳು ಯಂತ್ರದ ಎಲ್ಲ ಇಂಟರ್‌ಫೇಸುಗಳನ್ನೂ ತಡಕಿ, ಒಂದರಲ್ಲಾದರೂ ತಮ್ಮ ವಿಳಾಸ ಸಿಕ್ಕರೆ ತೃಪ್ತಿಪಡುತ್ತವೆ. ಅಂಥದ್ದಾದರೆ ಕರ್ನಲ್‌ನ 'ಡಮ್ಮಿ' ಬಗೆಯ ಇಂಟರ್‌ಫೇಸ್ ಒಂದನ್ನು ಸೃಷ್ಟಿಸಿ ಅದಕ್ಕೆ ಹಳೆಯ ವಿಳಾಸ ಕೊಡಬಹುದು. ಅದು ಯಾವ ಕೇಬಲ್ಲಿಗೂ ಅಂಟಿಕೊಂಡಿಲ್ಲ, ಆದ್ದರಿಂದ ಸ್ವಿಚ್ಚಿಗೆ, ಎಆರ್‌ಪಿಗೆ, ಡಿಎಚ್‌ಸಿಪಿಗೆ ಏನೂ ಗೊತ್ತಾಗುವುದಿಲ್ಲ. ಮೊದಲ ಕಾರ್ಡನ್ನಷ್ಟೇ ಅಥವಾ ನಿರ್ದಿಷ್ಟ ಹೆಸರಿನದನ್ನಷ್ಟೇ ನೋಡುವ ತಂತ್ರಾಂಶಗಳೂ ಇವೆ, ಅಲ್ಲಿ ಈ ಉಪಾಯ ನಡೆಯದು. ಮೊದಲು ಇದನ್ನೇ ಪ್ರಯತ್ನಿಸಿ ನೋಡಿ, ಕಳೆದುಕೊಳ್ಳುವುದು ಏನೂ ಇಲ್ಲ.

ಏನೇ ಮಾಡುವ ಮೊದಲು ಮಾರಿದವರಿಗೆ ಒಂದು ಇಮೇಲ್ ಬರೆದು, 'ಬೋರ್ಡು ಕೆಟ್ಟಿದೆ, ನಿಮ್ಮ ಹೊಸ ಕೀ ಬರುವವರೆಗೆ ಹಳೆಯ ವಿಳಾಸದಲ್ಲಿ ಓಡಿಸುತ್ತೇವೆ' ಎಂದು ತಿಳಿಸಿ, ಒಪ್ಪಿಗೆಯ ಉತ್ತರವನ್ನು ಇಟ್ಟುಕೊಳ್ಳಿ. ಒಂದೇ ಯಂತ್ರದ ಬಿಡಿಭಾಗ ಬದಲಾದಾಗ ಒಪ್ಪದವರು ಕಡಿಮೆ. ಒಂದೇ ವಿಳಾಸ ತೋರಿಸಿ ಎರಡು ಯಂತ್ರಗಳಲ್ಲಿ ಓಡಿಸುವುದು ಬೇರೆ ವಿಷಯ, ಅದು ಒಪ್ಪಂದವನ್ನು ಮುರಿದಂತೆ. ನಿಮ್ಮ ಮೂರನೆಯ ಸಹೋದ್ಯೋಗಿ ಹೇಳಿದ 'ಅಪರಾಧ'ದ ಮಾತೂ ಇಲ್ಲಿಗೇ ಬರುತ್ತದೆ. ನಿಮ್ಮ ಕಾರ್ಡಿನ ವಿಳಾಸ ನೀವು ಬದಲಿಸಿದ್ದೇ ತಪ್ಪಾಗುವುದಿಲ್ಲ, ಇವತ್ತು ಫೋನು ತಯಾರಿಸುವವರೇ ಅದನ್ನು ಡೀಫಾಲ್ಟ್ ಆಗಿ ಮಾಡುತ್ತಿದ್ದಾರೆ. ಬೇರೆಯವರ ವಿಳಾಸ ಹಾಕಿಕೊಂಡು ತನಗೆ ಪ್ರವೇಶವಿಲ್ಲದ ನೆಟ್‌ವರ್ಕಿಗೆ ನುಗ್ಗಿದರೆ ಪ್ರಶ್ನೆ ಬರುವುದು ಆ ನುಗ್ಗುವಿಕೆಯ ಮೇಲೆ. ಕಚೇರಿಯ ನೆಟ್‌ವರ್ಕು ಬೇರೆಯವರ ಕೈಯಲ್ಲಿದ್ದರೆ ಅವರಿಗೂ ಮೊದಲೇ ಹೇಳಿ. ಹೇಳದೆ ಬದಲಿಸಿದರೆ ಪೋರ್ಟ್ ಸೆಕ್ಯುರಿಟಿ ನಿಮ್ಮ ಪೋರ್ಟನ್ನೇ ಮುಚ್ಚಬಹುದು, ಆಗ ಸರ್ವರನ್ನು ರೀಬೂಟ್ ಮಾಡಿದರೂ ಅದು ತೆರೆಯುವುದಿಲ್ಲ.

ಇನ್ನು ಇಇಪ್ರಾಮ್‌ಗೇ ಬರೆಯುವ ಸಲಹೆ. ಕೆಲವು ಕಾರ್ಡುಗಳಲ್ಲಿ 'ಎತ್‌ಟೂಲ್' ಮೂಲಕ ಇದು ಸಾಧ್ಯ. ಸಾಧ್ಯ ಎಂಬುದಕ್ಕೂ ಬುದ್ಧಿವಂತಿಕೆ ಎಂಬುದಕ್ಕೂ ದೂರ ಬಹಳ. ಆ ಪುಟ್ಟ ಚಿಪ್ಪಿನಲ್ಲಿ ವಿಳಾಸ ಒಂದೇ ಇರುವುದಿಲ್ಲ. ಕಾರ್ಡಿನ ಆರಂಭದ ಸೆಟ್ಟಿಂಗುಗಳು, ಎಲ್‌ಇಡಿ ದೀಪಗಳ ವರ್ತನೆ, ವಿದ್ಯುತ್ ನಿರ್ವಹಣೆ, ಎಲ್ಲಕ್ಕೂ ಸೇರಿ ತಪ್ಪು ಹಿಡಿಯುವ ಒಂದು ಮೊತ್ತ, ಅಂದರೆ ಚೆಕ್‌ಸಮ್, ಇರುತ್ತವೆ. ಇಂಟೆಲ್‌ನ ಹಲವು ಗಿಗಾಬಿಟ್ ಕಾರ್ಡುಗಳಲ್ಲಿ ಮೊದಲ 64 'ವರ್ಡ್'ಗಳ (ಎರಡೆರಡು ಬೈಟಿನ ಸಂಖ್ಯೆಗಳ) ಮೊತ್ತ ಹೆಕ್ಸಿನಲ್ಲಿ 'ಬಿಎಬಿಎ' ಎಂದೇ ಬರಬೇಕು. ವಿಳಾಸದ ಒಂದು ಬೈಟ್ ಬದಲಿಸಿ ಚೆಕ್‌ಸಮ್ ತಿದ್ದದಿದ್ದರೆ ಮುಂದಿನ ಬೂಟಿನಲ್ಲಿ ಡ್ರೈವರ್ 'ಚೆಕ್‌ಸಮ್ ಸರಿಯಿಲ್ಲ' ಎಂದು ಕಾರ್ಡನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ಡ್ರೈವರ್ ಹತ್ತದಿದ್ದರೆ 'ಎತ್‌ಟೂಲ್' ಕೂಡ ಅದನ್ನು ತಲುಪಲಾರದು, ಅಂದರೆ ತಪ್ಪು ತಿದ್ದುವ ಉಪಕರಣವೇ ಕೈತಪ್ಪಿತು. 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳಲ್ಲಿ ಎಫ್‌ಟ್ರೇಸ್ ಎಂಬ ಸಂಬಂಧವೇ ಇಲ್ಲದ ಭಾಗವೊಂದರ ದೋಷದಿಂದ ಇಂಟೆಲ್‌ನ ಇ1000ಇ ಕಾರ್ಡುಗಳ ಈ ಮೆಮೊರಿ ಕೆಟ್ಟು, ಹಲವರ ನೆಟ್‌ವರ್ಕ್ ಪೋರ್ಟ್ ನಿರುಪಯೋಗಿಯಾಗಿತ್ತು. ನಿಮ್ಮದು ಮದರ್‌ಬೋರ್ಡಿನ ಮೇಲೇ ಇರುವ ಕಾರ್ಡು, ಕೆಟ್ಟರೆ ಕಿತ್ತು ಬೇರೆ ಹಾಕುವಂತಿಲ್ಲ. ಕೆಲವು ದಿನಗಳ ಲೈಸೆನ್ಸಿಗಾಗಿ ಹೊಸ ಬೋರ್ಡನ್ನು ಪಣಕ್ಕಿಡಬೇಡಿ. ನನ್ನ ಅನುಭವದಲ್ಲಿ ಇಲ್ಲಿಗೆ ಕೈ ಹಾಕಲು ಒಪ್ಪಬಹುದಾದ ಕಾರಣ ಒಂದೇ: ಚಿಪ್ಪು ಖಾಲಿಯಿದ್ದು ಪ್ರತಿ ಬೂಟಿಗೂ ಹೊಸ ವಿಳಾಸ ಬರುವ ಬೋರ್ಡು. ಕೆಲವು ಸಣ್ಣ ಆರ್ಮ್ ಬೋರ್ಡುಗಳಲ್ಲಿ ಹಾಗಾಗುತ್ತದೆ. ಅಲ್ಲಿಯೂ ಬೂಟ್‌ಲೋಡರ್‌ನ ಸೆಟ್ಟಿಂಗಿನಲ್ಲೇ ವಿಳಾಸ ಬರೆದಿಡುವ ಸುಲಭ ದಾರಿ ಸಾಮಾನ್ಯವಾಗಿ ಇರುತ್ತದೆ.

ನಿಮ್ಮ ಸರ್ವರ್ ಮುಂದೆ ವರ್ಚುವಲ್ ಆದರೆ ಈ ಉತ್ತರದ ಅರ್ಧ ಭಾಗ ಬದಲಾಗುತ್ತದೆ. ಅತಿಥಿ ಯಂತ್ರದ ಒಳಗೆ ವಿಳಾಸ ಬದಲಿಸಿದರೆ ಹೊರಗಿನ ವರ್ಚುವಲ್ ಸ್ವಿಚ್ಚು 'ಇದು ನಾನು ಕೊಟ್ಟ ವಿಳಾಸವಲ್ಲ' ಎಂದು ಫ್ರೇಮುಗಳನ್ನು ಬಿಸಾಡುವಂತೆ ಹೊಂದಿಸಿರಬಹುದು, ಕ್ಲೌಡ್ ಸೇವೆಗಳಲ್ಲಂತೂ ಇದು ಸಾಮಾನ್ಯ. ಆಜ್ಞೆ ಯಾವ ದೂರೂ ಇಲ್ಲದೆ ನಡೆಯುತ್ತದೆ, ನೆಟ್‌ವರ್ಕು ಸದ್ದಿಲ್ಲದೆ ಸಾಯುತ್ತದೆ. ಅಲ್ಲಿ ಬದಲಿಸುವುದಿದ್ದರೆ ಹೊರಗಿನಿಂದ, ವರ್ಚುವಲ್ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್‌ನ ಸೆಟ್ಟಿಂಗಿನಲ್ಲೇ ಬದಲಿಸಬೇಕು.

ಕೊನೆಗೆ ಲ್ಯಾಪ್‌ಟಾಪು ಮತ್ತು ಗುರುತು. ಮ್ಯಾಕ್ ವಿಳಾಸ ಮೊದಲ ರೂಟರ್ ದಾಟುವುದಿಲ್ಲ. ನೀವು ತೆರೆದ ವೆಬ್‌ಸೈಟಿಗೆ ಅದು ಕಾಣುವುದೇ ಇಲ್ಲ, ಆದ್ದರಿಂದ ಅದನ್ನು ಬದಲಿಸಿ ವೆಬ್‌ಸೈಟಿನಿಂದ ಅಡಗುವ ಮಾತೇ ಬರುವುದಿಲ್ಲ. ಅಲ್ಲಿ ನಿಮ್ಮನ್ನು ಗುರುತಿಸುವುದು ಐಪಿ, ಕುಕಿ, ನಿಮ್ಮದೇ ಲಾಗಿನ್. ಹಳೆಯ ಐಪಿವಿ6 ವ್ಯವಸ್ಥೆ ಇದಕ್ಕೆ ಒಂದು ಅಪವಾದ. ಅಲ್ಲಿ ಮ್ಯಾಕ್ ವಿಳಾಸದ ನಡುವೆ 'ಎಫ್‌ಎಫ್‌ಎಫ್‌ಇ' ತುರುಕಿ, ನಾನು ಮೇಲೆ ಹೇಳಿದ, ಮೊದಲ ಬೈಟಿನ ಕೊನೆಯಿಂದ ಎರಡನೆಯ ಬಿಟ್ಟನ್ನು ತಿರುಗಿಸಿ ಐಪಿ ವಿಳಾಸದ ಉತ್ತರಾರ್ಧ ಮಾಡುತ್ತಿದ್ದರು, ಹಾಗಾಗಿ ಕಾರ್ಡಿನ ಗುರುತು ಜಗತ್ತಿಗೆಲ್ಲ ಹೋಗುತ್ತಿತ್ತು. ಈಗಿನ ವ್ಯವಸ್ಥೆಗಳು ಬಹುತೇಕ ಅದನ್ನು ಬಿಟ್ಟಿವೆ.

ವಿಳಾಸ ಬದಲಿಸಿದ್ದರಿಂದ ನಿಜವಾದ ಲಾಭ ಸಿಗುವುದು ಹತ್ತಿರದಲ್ಲೇ ಕಿವಿಗೊಟ್ಟು ಕೂತವರಿಂದ ತಪ್ಪಿಸಿಕೊಳ್ಳುವುದರಲ್ಲಿ. ವೈಫೈ ಎನ್‌ಕ್ರಿಪ್ಟ್ ಆಗಿದ್ದರೂ ಫ್ರೇಮಿನ ಮೇಲಿನ ಮ್ಯಾಕ್ ವಿಳಾಸ ತೆರೆದೇ ಇರುತ್ತದೆ, ಹಾಗಾಗಿ ಒಂದೇ ವಿಳಾಸ ಎಲ್ಲೆಲ್ಲಿ ಓಡಾಡಿತು ಎಂದು ಜಾಡು ಹಿಡಿಯಬಹುದು. ಇದನ್ನು ತಪ್ಪಿಸಲೆಂದೇ ಆಂಡ್ರಾಯ್ಡ್ 10 2019ರಲ್ಲಿ, ಐಒಎಸ್ 14 2020ರಲ್ಲಿ ಪ್ರತಿ ನೆಟ್‌ವರ್ಕಿಗೂ ಬೇರೆ ಬೇರೆ ವಿಳಾಸ ಕೊಡುವುದನ್ನು ಡೀಫಾಲ್ಟ್ ಮಾಡಿದವು. ಮ್ಯಾಕ್ ಪಟ್ಟಿ ಇಟ್ಟು ವೈಫೈಗೆ ಬೀಗ ಹಾಕಿದ್ದೇವೆ ಎಂದುಕೊಂಡವರೂ ಇದನ್ನು ಗಮನಿಸಲಿ: ಯಾರಿಗೂ ಕೇಳಿಸುವ ಸಂಖ್ಯೆ ಬೀಗವಾಗಲಾರದು. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್‌ಮ್ಯಾನೇಜರ್‌ನ ವೈಫೈ ವಿಳಾಸವನ್ನು 'ಸ್ಟೇಬಲ್' ಎಂದು ಇಟ್ಟುಕೊಳ್ಳಿ. ಒಂದು ನೆಟ್‌ವರ್ಕಿಗೆ ಯಾವಾಗಲೂ ಒಂದೇ ವಿಳಾಸ, ಇನ್ನೊಂದಕ್ಕೆ ಇನ್ನೊಂದು. 'ರ‍್ಯಾಂಡಮ್' ಇಟ್ಟರೆ ಪ್ರತಿ ಸಲವೂ ಹೊಸ ವಿಳಾಸ, ಒಮ್ಮೆ ಲಾಗಿನ್ ಆದರೆ ನೆನಪಿಟ್ಟುಕೊಳ್ಳುವ ವೈಫೈ ಪುಟಗಳು ಮತ್ತೆ ಮತ್ತೆ ಕೇಳುತ್ತವೆ. ಇನ್ನೊಂದು ಸೋರಿಕೆಯನ್ನು ಮುಚ್ಚುವುದನ್ನು ಮರೆಯಬೇಡಿ. ಐಪಿ ಕೇಳುವಾಗ ಲ್ಯಾಪ್‌ಟಾಪ್ ತನ್ನ ಹೋಸ್ಟ್‌ನೇಮನ್ನೂ ಕಳಿಸುತ್ತದೆ. ಅದು ನಿಮ್ಮದೇ ಹೆಸರಾಗಿದ್ದರೆ ಮ್ಯಾಕ್ ಬದಲಿಸಿದ ಶ್ರಮವೆಲ್ಲ ವ್ಯರ್ಥ.

ಸರ್ವರ್ ವಿಷಯಕ್ಕೆ ಬಂದರೆ, ಹೊಸ ಕೀ ಬಂದ ದಿನವೇ 'ಇಂಟರ್‌ಫೇಸಸ್' ಫೈಲಿನ ಆ ಸಾಲನ್ನು ಅಥವಾ ಡಮ್ಮಿ ಇಂಟರ್‌ಫೇಸನ್ನು ತೆಗೆದು, ರೀಬೂಟ್ ಮಾಡಿ, 'ಐಪಿ ಲಿಂಕ್' ಮತ್ತು 'ಎತ್‌ಟೂಲ್' ಎರಡೂ ಒಂದೇ ವಿಳಾಸ ತೋರಿಸುತ್ತಿವೆಯೇ ಎಂದು ನೋಡಿ. ತಾತ್ಕಾಲಿಕ ಎಂದು ಹಾಕಿದ ಸಾಲು ಯಾರಿಗೂ ನೆನಪಿಲ್ಲದೆ ವರ್ಷಗಟ್ಟಲೆ ಉಳಿದು, ಮುಂದಿನ ಸಲ ಬೋರ್ಡು ಬದಲಿಸುವವರ ತಲೆ ತಿನ್ನುತ್ತದೆ.